ದಪ್ಪ ಚುಟ್ಟ ಬೇಡ ಅಂದ ದಿನಗಳು

ಚುಟ್ಟ ಸುತ್ತುವುದು ನಮ್ಮ ಮನೆಗೆ ನಮ್ಮ ಮಾವನ ಕಾಲದಿಂದ ಬಂದ ಕೆಲಸ. ಹೊಸಕೋಟೆಯಿಂದ ಸ್ವಲ್ಪ ಒಳಗೆ, ರಸ್ತೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ನಾನೂ ನನ್ನ ಓರಗಿತ್ತಿಯೂ ಎದುರುಬದುರು ಕೂತು ಸುತ್ತುತ್ತಿದ್ದೆವು. ಅವಳು ಎಡಚಿ. ಅದು ಕೆಲಸಕ್ಕೆ ಅನುಕೂಲವೇ ಆಗಿತ್ತು. ಹೊಗೆಸೊಪ್ಪಿನ ನಡುದಂಟು ಕಿತ್ತರೆ ಎಲೆ ಎರಡು ಹೋಳಾಗುತ್ತದೆ. ಒಂದನ್ನು ಬಲಕ್ಕೆ ಸುತ್ತಬೇಕು, ಇನ್ನೊಂದನ್ನು ಎಡಕ್ಕೆ. ತಪ್ಪಿದರೆ ಎಲೆಯ ನರ ಮೇಲೆದ್ದು ಚುಟ್ಟ ಗಂಟುಗಂಟಾಗಿ ಕಾಣುತ್ತದೆ. ಬಲದ ಹೋಳು ನನಗೆ, ಎಡದ್ದು ಅವಳಿಗೆ. ಮದುವೆಯಾಗಿ ಬಂದಾಗಿನಿಂದ ಹೀಗೇ ನಡೆದಿತ್ತು. ಮಾತು ಬಿಟ್ಟ ದಿನಗಳಲ್ಲೂ ಎಲೆ ಹಂಚಿಕೊಳ್ಳುವುದು ಬಿಟ್ಟಿರಲಿಲ್ಲ.

ಅವಳು ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮುರಿದುಕೊಂಡಳು. ನಾಟಿ ಕಟ್ಟು ಹಾಕಿಸಿದೆವು. ಮೂಳೆ ಕೂಡಿತು, ಹೆಬ್ಬೆರಳು ಮಾತ್ರ ಪೂರ್ತಿ ಮಡಚಲಿಲ್ಲ. ಸಣ್ಣ ಚುಟ್ಟ ಅವಳ ಬೆರಳಲ್ಲಿ ನಿಲ್ಲುತ್ತಿರಲಿಲ್ಲ. ದಪ್ಪದ್ದನ್ನು ಹೇಗೋ ಸುತ್ತುತ್ತಿದ್ದಳು. ದಪ್ಪ ಚುಟ್ಟ ಇದ್ದರೆ ಅವಳಿಗೆ ಶೆಡ್ಡು, ಇಲ್ಲದಿದ್ದರೆ ಮನೆ. ಅಷ್ಟೇ ಲೆಕ್ಕ.

ವ್ಯಾಪಾರ ನೋಡಿಕೊಳ್ಳುವವನು ಅವಳ ಮಗ. ಅವನು ಅದೇ ಹೊತ್ತಿಗೆ ದೇವನಹಳ್ಳಿ ಕಡೆಯ ಒಂದು ದೊಡ್ಡ ಹೋಟೆಲಿನವರ ಹತ್ತಿರ ಮಾತಾಡಿಕೊಂಡು ಬಂದ. ಅಲ್ಲಿ ಊಟ ಮುಗಿಸಿದವರು ತೋಟದಲ್ಲಿ ಕುರ್ಚಿ ಹಾಕಿಕೊಂಡು ಚುಟ್ಟ ಸೇದುತ್ತಾರಂತೆ. ಅಲ್ಲಿ ಅದಕ್ಕೆ ಸಿಗಾರ್ ಅನ್ನುತ್ತಾರಂತೆ. ನಮ್ಮದನ್ನೇ ಹೊಸ ಪೆಟ್ಟಿಗೆಗೆ ಹಾಕಿ ಕೊಡಿ, ಆದರೆ ಎರಡೇ ಅಳತೆ ಸಾಕು ಅಂದಿದ್ದರು. ನಾವು ಮಾಡುತ್ತಿದ್ದದ್ದು ನಾಲ್ಕು: ಗೇಣುದ್ದದ ಸಣ್ಣದು, ಮಧ್ಯಮ, ಮೋಟು, ಮತ್ತೆ ಹೆಬ್ಬೆರಳಿಗಿಂತ ದಪ್ಪದ್ದು.

ಯಾವ ಎರಡು ಅಂತ ಗೊತ್ತು ಮಾಡಲು ನಮಗೆ ತಿಳಿದ ದಾರಿ ಒಂದೇ. ದಿನಾ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತುಕೊಳ್ಳುವ ಮುದುಕರ ಕೈಗೆ ನಾಲ್ಕನ್ನೂ ಕೊಟ್ಟೆವು. ನಮ್ಮ ಕಡೆ ಚುಟ್ಟವನ್ನು ಒಂದೇ ಸಲಕ್ಕೆ ಮುಗಿಸುವವರು ಯಾರೂ ಇಲ್ಲ. ನಾಲ್ಕು ದಮ್ಮು ಎಳೆಯುವುದು, ಕಲ್ಲಿಗೆ ಒತ್ತಿ ಆರಿಸುವುದು, ಕಿವಿಯ ಮೇಲೆ ಸಿಕ್ಕಿಸಿಕೊಂಡು ದನ ಹೊಡೆದುಕೊಂಡು ಹೋಗುವುದು. ನಾನೂ ಹಾಗೇ ಸೇದುವವಳು. ಉಳಿದದ್ದನ್ನು ನನ್ನ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ.

ದಪ್ಪದ್ದನ್ನು ಕೈಗೆ ತಗೊಂಡ ಒಬ್ಬ ಮುದುಕ, "ಇದೇನ್ಲಾ ಇದು, ಒನಕೆ ತುಂಡಾ? ಕಿವಿ ಮೇಲಿಟ್ರೆ ಕಿವಿನೇ ಕಿತ್ಕೊಂಡ್ ಬೀಳ್ತದೆ" ಅಂದ.

ಪಕ್ಕದವನು, "ನಿನ್ ಕಿವಿ ಹೋದ್ರೆ ಹೋಗ್ಲಿ ಬಿಡು, ಹೆಂಗೂ ಹೆಂಡ್ತಿ ಮಾತು ಕೇಳಿಸ್ಕೊಳಲ್ವಲ್ಲ" ಅಂದ. ಎಲ್ಲರೂ ನಕ್ಕರು.

ಸಣ್ಣದು ಕಿವಿಯ ಮೇಲೆ ಚೆನ್ನಾಗಿ ನಿಂತಿತು. ಮೋಟು ಜೇಬಿಗೆ ಹಿಡಿಸಿತು. ಅವೆರಡೇ ಸರಿ ಅಂದರು. ನಾನೂ ಅದನ್ನೇ ಅಂದೆ, ಓರಗಿತ್ತಿಯ ಎದುರಿಗೇ ಅಂದೆ.

"ಏನಕ್ಕಾ, ನೀನೂನಾ?" ಅಂದಳು.

"ನಿಲ್ಲಲ್ಲ ಅಂದ್ರೆ ನಿಲ್ಲಲ್ಲ ಕಣೇ. ನಿನ್ ಮುಖ ನೋಡ್ಕೊಂಡು ನಿಂತ್ಕೊಂತದಾ?"

ಮಗನಿಗೆ ಒಳಗೊಳಗೇ ಸಮಾಧಾನವಾಯಿತು. ತಾಯಿ ನೋವಿನ ಕೈಯಲ್ಲಿ ಕೆಲಸ ಮಾಡುವುದು ಅವನಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. "ಕೈ ಬೇರೆ ಸರಿಯಿಲ್ಲ, ಆರಾಮಾಗಿ ಮನೇಲಿರಮ್ಮ. ಟಿವಿ ನೋಡು" ಅಂದ.

"ಟಿವಿ ನೀನ್ ನೋಡೋ. ನಾನು ಬೇಡ ಅಂದ್ರೆ ಬಾಯ್ಬಿಟ್ಟು ಹೇಳು, ಚುಟ್ಟದ ಮೇಲೆ ಹಾಕ್ಬೇಡ" ಅಂತ ಸೆರಗು ಕೊಡವಿಕೊಂಡು ಎದ್ದು ಹೋದಳು.

ಮನೆಯಲ್ಲಿ ಅವಳಿಗೆ ಹೊತ್ತು ಹೋಗಲಿಲ್ಲ. ಸೊಸೆ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯುವಳು. ಸೊಸೆ ಹುರುಳಿಕಾಯಿ ಹೆಚ್ಚಿದರೆ ಉದ್ದವಾಯಿತು ಅನ್ನುವಳು, ಮಾರನೆಯ ದಿನ ಗಿಡ್ಡವಾಯಿತು ಅನ್ನುವಳು. ಜಗಳ ನನ್ನ ಮನೆಯ ಹಿತ್ತಿಲಿಗೂ ಕೇಳುತ್ತಿತ್ತು. ಇತ್ತ ಶೆಡ್ಡಿನಲ್ಲಿ ಎಡದ ಹೋಳುಗಳು ಗುಡ್ಡೆ ಬಿದ್ದವು. ನಾನು ಕೈ ತಿರುಗಿಸಿ ಸುತ್ತಿ ನೋಡಿದೆ. ಹಾವು ಪೊರೆ ಬಿಟ್ಟ ಹಾಗೆ ಬಂತು. ಒಳ್ಳೆಯ ಎಲೆಯನ್ನೆಲ್ಲ ಕುಯ್ದು ಒಳಗೆ ತುಂಬುವುದಕ್ಕೆ ಹಾಕಿದೆ.

ಒಂದು ದಿನ ಮಗ ಹೋಟೆಲಿನಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದ. ಒಂದು ಪೊಟ್ಟಣ ಬಿಚ್ಚಿದ. ಒಳಗೆ ನಮ್ಮ ಸಣ್ಣ ಚುಟ್ಟಗಳು, ಎಲ್ಲಾ ಅರ್ಧಕ್ಕೆ ಆರಿದವು.

"ಅದಕ್ಯಾಕೆ ಮುಖ ಹಂಗಿಟ್ಕೊಂಡಿದೀಯ? ಆಮೇಲೆ ಸೇದ್ತಾರೆ ಬಿಡು" ಅಂದೆ.

"ಇಲ್ಲ ದೊಡ್ಡಮ್ಮ, ಬಿಸಾಕಿರೋದು ಇದು."

"ಅರ್ಧ ಚುಟ್ಟಾನ ಯಾರಾದ್ರೂ ಬಿಸಾಕ್ತಾರೇನೋ?"

"ಅಲ್ಲಿ ಯಾರೂ ಕಿವಿ ಮೇಲೆ ಇಟ್ಕೊಳಲ್ಲ ದೊಡ್ಡಮ್ಮ. ಕೂತ್ರೆ ಮುಗಿಸೇ ಏಳೋದು. ಅರ್ಧಕ್ಕೆ ಬರೋಷ್ಟರಲ್ಲಿ ಬಾಯಿ ಸುಡ್ತದಂತೆ."

ಆಗ ತಿಳಿಯಿತು. ನಾವು ನಮ್ಮೂರಿನವರ ಕಿವಿ, ಜೇಬು ನೋಡಿ ಅಳತೆ ಆರಿಸಿದ್ದೆವು. ಅಲ್ಲಿಯವರಿಗೆ ಬೇಕಾದದ್ದು ಕೂತಲ್ಲಿಂದ ಏಳುವವರೆಗೂ ತಣ್ಣಗೆ ಉರಿಯುವ ಚುಟ್ಟ. ಓರಗಿತ್ತಿ ಸುತ್ತಿದ್ದ ದಪ್ಪದ್ದು ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ಹಚ್ಚಿಕೊಂಡೆ. ಆರಿಸದೆ ಕೊನೆಯವರೆಗೂ ಸೇದಿದೆ, ಹುಟ್ಟಿದ ಮೇಲೆ ಅದೇ ಮೊದಲು. ತಲೆ ಸ್ವಲ್ಪ ತಿರುಗಿತು, ನಾಲಿಗೆ ಸುಡಲಿಲ್ಲ. ಸಣ್ಣದು ಬಿಡು, ದಪ್ಪದ್ದು ಮತ್ತು ಮೋಟು ಇಡು ಅಂದೆ. ಹೋಟೆಲಿನವರೂ ಸೇದಿ ನೋಡಿ ಒಪ್ಪಿದರು.

"ಹಂಗಾದ್ರೆ ದಪ್ಪದ್ದನ್ನೂ ನೀವೇ ಸುತ್ಬಿಡಿ ದೊಡ್ಡಮ್ಮ" ಅಂದ.

"ಬಲದ್ದು ನಾನು ಸುತ್ತೀನಿ. ಎಡದ್ದು ನಿನ್ ಹೆಂಡ್ತಿ ಸುತ್ತಾಳಾ?"

"ಅಮ್ಮಂಗೆ ಕೈ ನೋಯ್ತದೆ."

"ಮನೇಲಿ ದಿನಾ ನಡೀತಿರೋದು ನಿಂಗೆ ನೋಯ್ತಿಲ್ವಾ?"

ಅವನು ಸಂಜೆ ಹೋಗಿ ತಾಯಿಯನ್ನು ಕರೆದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲವಂತೆ. "ಬೇಡ ಅಂದೋಳು ನಿನ್ ದೊಡ್ಡಮ್ಮ. ಅವ್ಳೇ ಬಂದು ಕರೀಲಿ" ಅಂದಳಂತೆ.

ಹೋದೆ. ಅವಳು ಮೊರದಲ್ಲಿ ರಾಗಿಯ ಕಲ್ಲು ಆರಿಸುತ್ತಿದ್ದಳು. ಮಿಲ್ಲಿನಿಂದ ಶುದ್ಧ ಮಾಡಿಸಿ ತಂದ ರಾಗಿ ಅದು, ಕಲ್ಲೇ ಇರಲಿಲ್ಲ.

"ಅವತ್ತು ನಾನು ಹೇಳಿದ್ದು ನಮ್ಮೂರೋರಿಗೆ ಸರಿ. ಹೋಟೆಲ್ನೋರಿಗೆ ಸರಿ ಹೋಗ್ಲಿಲ್ಲ" ಅಂದೆ. "ಬರ್ತೀಯೋ ಇಲ್ವೋ?"

"ತಪ್ಪಾಯ್ತು ಅಂತ ಬಾಯಲ್ಲಿ ಬರಲ್ವೇನಕ್ಕಾ ನಿಂಗೆ."

"ಬರಲ್ಲ. ಎಲೆ ಹಾಳಾಗ್ತಿದೆ, ಎದ್ದು ಬಾ."

ಮೊರ ಕೆಳಗಿಟ್ಟಳು. "ಬರ್ತೀನಿ. ಒಂದು ಮಾತು. ಸರಿಯಿಲ್ದೆ ಇರೋದನ್ನ ನೀನೇ ಪಕ್ಕಕ್ಕೆ ತೆಗೀಬೇಕು. ಅವ್ನ ಕೈಗೆ ಕೊಡ್ಬೇಡ. ಅಮ್ಮ ಸುತ್ತಿದ್ದು ಅಂತ ಕೆಟ್ಟದ್ದನ್ನೂ ಪೆಟ್ಟಿಗೆಗೆ ಹಾಕ್ತಾನೆ. ಆಮೇಲೆ ಅವ್ರು ವಾಪಸ್ ಕಳ್ಸಿದ್ರೆ, ನೋಡಮ್ಮ ಕೈ ಆಗಲ್ಲ ಅಂತ ಮನೇಲಿ ಕೂರಿಸ್ತಾನೆ."

"ತೆಗೀತೀನಿ" ಅಂದೆ. ಅದಕ್ಕೆ ನನ್ನನ್ನು ಯಾರೂ ಬೇಡಿಕೊಳ್ಳಬೇಕಿಲ್ಲ.

ಮಾರನೆಯ ಬೆಳಿಗ್ಗೆ ಬಂದು ಕೂತಳು. ಇಷ್ಟು ದಿನ ಬಿಟ್ಟಿದ್ದ ಕೈ, ಮೊದಲಿನ ಕೆಲವು ಸಡಿಲವಾಗಿ ಬಂದವು. ಪಕ್ಕಕ್ಕಿಟ್ಟೆ. ಕಣ್ಣು ಕೆಂಪಗೆ ಮಾಡಿಕೊಂಡು ನೋಡಿದಳು. ಬಿಚ್ಚಿ ಮತ್ತೆ ಸುತ್ತಿದಳು. ಅದರಲ್ಲೂ ಒಂದು ಸಡಿಲವಿತ್ತು, ಅದನ್ನೂ ಪಕ್ಕಕ್ಕಿಟ್ಟೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪಕ್ಕಕ್ಕಿಡುವಂಥದ್ದು ಬರುವುದು ನಿಂತಿತು.

ಮಗ ಬಂದು ಬಾಗಿಲಲ್ಲಿ ನಿಂತ. "ಸಾಕು ಏಳಮ್ಮ, ಮುದ್ದೆ ಆರೋಗ್ತದೆ."

"ನೆನೆಸಿರೋ ಎಲೆ ಒಣಗೋದ್ರೆ ಹರಿದೋಗ್ತದೆ. ಮುಗಿಸಿ ಬರ್ತೀನಿ, ನೀನ್ ಹೋಗು" ಅಂದಳು, ತಲೆ ಎತ್ತದೆ.

ಅವನು ನನ್ನ ಮುಖ ನೋಡಿದ. ನನಗೆ ಹಸಿವಾಗಿತ್ತು, ಎದ್ದು ಹೋಗಿ ಉಂಡೆ.