ತಂಗಿಯ ಮೇಲೆ ನಾನು ಹೇಳಿದ ಚಾಡಿ

ಹೋದ ವಾರ ಈಳಿಗೆಯ ಮೇಲೆ ಬದನೆಕಾಯಿ ಹೆಚ್ಚುತ್ತಾ ಬೆರಳನ್ನೂ ಕೊಯ್ದುಕೊಂಡೆ. ಅಥಣಿಯ ನಮ್ಮ ಓಣಿಯ ದವಾಖಾನೆಯಲ್ಲಿ ಕಂಪೌಂಡರ್ ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಗಾಯಕ್ಕೆ ಒತ್ತಿದ. ನನ್ನ ಮುಖ ಕಿವುಚಿದ್ದು ಉರಿಗೆ ಎಂದು ಅವನು ತಿಳಿದುಕೊಂಡ. ತಿಳಿದುಕೊಳ್ಳಲಿ ಬಿಡಿ. ನಿಮಗಾದರೂ ನಿಜ ಹೇಳುತ್ತೇನೆ: ಆ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನೊಳಗೆ ಮೊದಲು ಏಳುವುದು ಹೊಟ್ಟೆಕಿಚ್ಚು.

ಎಂಬತ್ತರ ದಶಕದ ಕೊನೆಯಲ್ಲಿ ಐಗಳಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ವಾಸನೆಯೊಂದಿಗೆ. ನನ್ನ ತಂಗಿ ಶೈಲಾಗೆ ಎಂಟನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ದಿನಾ ಇನ್ಸುಲಿನ್ ಚುಚ್ಚಿದರೆ ಮಾತ್ರ ಬದುಕುವಂಥ ಕಾಯಿಲೆ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ಸ್ಪಿರಿಟ್ ದೀಪ ಹಚ್ಚುತ್ತಿದ್ದ. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಶೈಲಾಳ ಮೂತ್ರದ ಎಂಟು ಹನಿ ಬಿಟ್ಟು ಕಾಯಿಸುತ್ತಿದ್ದ. ಸಕ್ಕರೆ ಇಲ್ಲದಿದ್ದರೆ ನೀಲಿ, ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ತೀರಾ ಹೆಚ್ಚಾದರೆ ಇಟ್ಟಿಗೆಯ ಕೆಂಪು. ಅವ್ವ, ಅಪ್ಪ ಇಬ್ಬರೂ ಆ ನಳಿಗೆಯನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನು ಹಿಂದೆ ನಿಂತು ಅವರಿಬ್ಬರ ಬೆನ್ನು ನೋಡುತ್ತಿದ್ದೆ. ಒಂದು ದಿನ ಯಾರೂ ಇಲ್ಲದಾಗ ನನ್ನದನ್ನೂ ಕಾಯಿಸಿ ನೋಡಿದೆ. ನೀಲಿ ನೀಲಿಯಾಗಿಯೇ ಉಳಿಯಿತು. ಆ ದಿನದ ನಿರಾಸೆಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಮೇಲೆ ಸೂಜಿ. ಗಾಜಿನ ಸಿರಿಂಜನ್ನು ಕುದಿಸಿ, ಮಣ್ಣಿನ ಗಡಿಗೆಯ ತಂಪಿನಲ್ಲಿಟ್ಟ ಇನ್ಸುಲಿನ್ ಶೀಸೆ ತೆಗೆದು, ದ್ರಾಕ್ಷಿ ಬಳ್ಳಿ ಕತ್ತರಿಸಿ ಕತ್ತರಿಸಿ ಒರಟಾದ ಕೈಯಲ್ಲಿ ಅಪ್ಪ ಅವಳ ತೊಡೆಗೆ ಚುಚ್ಚುತ್ತಿದ್ದ. "ಕಣ್ಣ ಮುಚ್ಚ ನನ್ನವ್ವಾ, ಮುಗದ ಹೋತ ನೋಡ" ಎನ್ನುತ್ತಿದ್ದ. ನನ್ನ ಅಂಗಾಲಿಗೆ ಜಾಲಿಮುಳ್ಳು ಮುರಿದಾಗ ಅದೇ ಅಪ್ಪ ಹೇಳಿದ್ದು, "ಕಿತ್ತ ಒಗದ ಬಾ, ಹೊತ್ತಾತು."

ನಮ್ಮದು ದ್ರಾಕ್ಷಿ ಬೆಳೆಯುವ ಮನೆ. ಸುಗ್ಗಿ ಬಂತೆಂದರೆ ಶೆಡ್ಡಿನ ಬಲೆಗಳ ತುಂಬ ಗೊನೆಗಳು ಒಣಗುತ್ತಿದ್ದವು. ಶೈಲಾಗೆ ಕಾಯಿಲೆ ಬಂದ ಮೇಲೆ ಒಂದು ಒಣದ್ರಾಕ್ಷಿಯೂ ಮನೆಯ ಹೊಸ್ತಿಲು ದಾಟಲಿಲ್ಲ. "ಆಕಿ ಕಣ್ಣ ಮುಂದ ತಿನ್ನಾಕ ನಿನಗ ಮನಸಾದ್ರೂ ಹೆಂಗ ಬರ್ತತಿ?" ಎಂದು ಅವ್ವ ಕೇಳಿದ್ದಳು. ಹೀಗಾಗಿ ಎರಡೆಕರೆ ದ್ರಾಕ್ಷಿಯ ಒಡೆಯನ ಮಗಳಾದ ನಾನು ಸ್ವಂತ ತೋಟದಲ್ಲಿ ಕಳ್ಳಿಯ ಹಾಗೆ ಬಳ್ಳಿಯ ಮರೆಯಲ್ಲಿ ಕೂತು ತಿನ್ನುತ್ತಿದ್ದೆ.

ತಿಂಗಳಿಗೊಮ್ಮೆ ಅಪ್ಪ ಅವಳನ್ನು ಮಿರಜಿನ ದವಾಖಾನೆಗೆ ಕರೆದೊಯ್ಯುತ್ತಿದ್ದ. ಹೋಗುವಾಗ ಬಸ್ಸಿನ ಕಿಟಕಿಯ ಸೀಟು. ಬರುವಾಗ ಹೊಸ ರಿಬ್ಬನ್ನೋ ಕೆಂಪು ಹೇರ್‌ಬ್ಯಾಂಡೋ. ಅವೆಲ್ಲಕ್ಕಿಂತ ನನ್ನನ್ನು ಸುಟ್ಟದ್ದು ಅವಳ ಶಾಲೆಯ ಪಾಟಿಚೀಲದಲ್ಲಿದ್ದ ಸಣ್ಣ ಬಟ್ಟೆಯ ಚೀಲ. ಅದರಲ್ಲಿ ಪೆಪ್ಪರ್‌ಮೆಂಟು. ಸೂಜಿಯ ಪರಿಣಾಮ ಹೆಚ್ಚಾಗಿ ಸಕ್ಕರೆ ಒಮ್ಮೆಲೇ ಇಳಿದರೆ ಕೈ ನಡುಗಿ ಬೆವರು ಬರುತ್ತದೆ, ಆಗ ತಿನ್ನಲೆಂದು ಕೊಟ್ಟದ್ದು. ಸಿಹಿ ತಿನ್ನಬಾರದವಳ ಚೀಲದಲ್ಲೇ ಸಿಹಿ! ಈ ಅನ್ಯಾಯ ನನಗೆ ತಡೆಯಲಾಗಲಿಲ್ಲ. ಒಂದೊಂದಾಗಿ ಕದ್ದು ತಿನ್ನತೊಡಗಿದೆ.

ಒಂದು ದಿನ ಪ್ರಾರ್ಥನೆಯ ಸಾಲಿನಲ್ಲೇ ಶೈಲಾ ಕುಸಿದು ಬಿದ್ದಳು. ಚೀಲ ತೆಗೆದರೆ ಬರಿದು. ಪಾಠ ಹೇಳುವ ಬಾಯಾರೊಬ್ಬರು ಚಹಾದ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿದ ಮೇಲೆ ಕಣ್ಣು ಬಿಟ್ಟಳು. ಮನೆಯಲ್ಲಿ ಅವ್ವ ಅವಳಿಗೇ ಬೈದಳು, "ಎಲ್ಲಾ ತಿಂದ ಮುಗಿಸಿದೆಲ್ಲ, ನಾಲಿಗಿ ಚಪಲ ನಿಂದು!" ಶೈಲಾ ಒಮ್ಮೆ ನನ್ನ ಕಡೆ ನೋಡಿದಳು. ಬಾಯಿ ಬಿಡಲಿಲ್ಲ. ಅವತ್ತಿನಿಂದ ನಾನು ಆ ಚೀಲ ಮುಟ್ಟಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ತಪ್ಪು ಮಾಡಿದವಳು ನಾನು, ದೊಡ್ಡವಳೆನಿಸಿಕೊಂಡವಳು ಅವಳು ಎಂದು ಇನ್ನಷ್ಟು ಉರಿಯಿತು.

ಅವಳಿಗೆ ಹನ್ನೆರಡು ತುಂಬಿದ ವರ್ಷ ಹೊಸದೊಂದು ಶುರುವಾಯಿತು. ಕೂತಲ್ಲೇ ತೂಕಡಿಸುವಳು. ಕಸ ಹೊಡೆ ಎಂದರೆ ಅರ್ಧ ಹೊಡೆದು ಗೋಡೆಗೆ ಒರಗುವಳು. ಶಾಲೆಯಲ್ಲಿ "ಮೈಗಳ್ಳಿ" ಎಂದು ಹಿಂದಿನ ಬೆಂಚಿಗೆ ಕಳಿಸಿದರು. ಅವ್ವ ಮಾತ್ರ, "ಬ್ಯಾನಿ ಇದ್ದ ಹುಡುಗಿ, ಮಲಕೊಳ್ಳಿ ಬಿಡ. ಆ ಬಾಂಡೆ ನೀ ತಿಕ್ಕ" ಎನ್ನುವಳು. ಅವಳ ಪಾಲಿನ ಪಾತ್ರೆ ತಿಕ್ಕುತ್ತಾ ನಾನು ಅವಳನ್ನು ನೋಡುತ್ತಿದ್ದೆ. ಹೊಟ್ಟೆಕಿಚ್ಚಿನವರ ಕಣ್ಣು ಎಷ್ಟು ಚುರುಕೆಂದು ನಿಮಗೆ ಗೊತ್ತಿರಬೇಕು. ಎಲ್ಲವನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ, ಒಂದು ದಿನ ಇವಳ ನಾಟಕವನ್ನು ಬಯಲು ಮಾಡಬೇಕೆಂದು.

ಅಷ್ಟರಲ್ಲಿ ಸಕ್ಕರೆ ಇಳಿದು ಬೀಳುವುದೂ ಹೆಚ್ಚಾಯಿತು. ವಾರಕ್ಕೊಮ್ಮೆ, ಆಮೇಲೆ ಎರಡು ಸಲ. ಒಂದು ಮಧ್ಯಾಹ್ನ ಅವಳು ಅಂಗಳದಲ್ಲೇ ಬಿದ್ದು ಹಲ್ಲು ಕಚ್ಚಿಕೊಂಡಳು. ಅವ್ವ ಅವಳ ಒಸಡಿಗೆ ಬೆಲ್ಲ ತಿಕ್ಕುತ್ತಾ ನನ್ನತ್ತ ತಿರುಗಿ ಕೇಳಿದಳು, "ಖರೇ ಹೇಳ. ಪೆಪ್ಪರ್‌ಮೆಂಟ್ ನೀ ತಿಂದೀಯೇನ?" ಹಾಗಾದರೆ ಅವ್ವನಿಗೆ ಮೊದಲಿಂದಲೂ ಅನುಮಾನವಿತ್ತು! ನಿಜವಾಗಿ ಕದ್ದಾಗ ಯಾರೂ ಕೇಳಲಿಲ್ಲ, ಕದಿಯದಿದ್ದಾಗ ಕೇಳಿದರು. ನಾನು ಅತ್ತು ಕರೆದು, ಊಟ ಬಿಟ್ಟು, ಮುಂದಿನ ಸಲ ಮಿರಜಿಗೆ ನಾನೂ ಬರುತ್ತೇನೆಂದು ಹಟ ಹಿಡಿದೆ.

ಅಲ್ಲಿನ ಡಾಕ್ಟರ್‌ಬಾಯಿ ದಪ್ಪ ಕನ್ನಡಕದ, ಸಣ್ಣ ದನಿಯ ಹೆಂಗಸು. ಮರಾಠಿಯವರು, ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ಅಪ್ಪನ ಮಾತು ಕೇಳಿ, "ಊಟಾ ಸರಿಯಾಗಿ ಮಾಡೂದಿಲ್ಲ ಅನಸ್ತತಿ" ಎಂದು ಏನೋ ಬರೆಯತೊಡಗಿದರು. ಇಷ್ಟಕ್ಕೇ ಮುಗಿಯಿತೇ? ನಾನು ಎದ್ದು ನಿಂತೆ.

"ಸರಿಯಾಗೇ ಉಣ್ತಾಳ್ರಿ. ಇಡೀ ದಿನಾ ಮಲಗ್ತಾಳ್ರಿ. ಇಂಥಾ ಬ್ಯಾಸಗ್ಯಾಗ ಸ್ವೆಟರ್ ಹಾಕೋತಾಳ್ರಿ. ಹಣಗಿ ತುಂಬ ಆಕಿದ ಕೂದಲ್ರಿ, ನಾನ ತಗದ ಒಗೀಬೇಕು. ಕರದ್ರ ಎಷ್ಟೋ ಹೊತ್ತಿಗೆ ಓ ಅಂತಾಳ್ರಿ, ಅದೂ ಗಂಡಸರ ದನಿಯಾಗ. ಎರಡ ವರ್ಷದ ಹಿಂದಿನ ಲಂಗ ಇನ್ನೂ ಉದ್ದಕ್ಕ ಬರ್ತತ್ರಿ, ಸೊಂಟಕ್ಕ ಮಾತ್ರ ಬಿಗಿ. ಎಲ್ಲಾ ಕೆಲಸಾ ನನ್ನ ತಲಿ ಮ್ಯಾಲ್ರಿ. ಮತ್ತ ಈಗ ನಾ ಪೆಪ್ಪರ್‌ಮೆಂಟ್ ತಿನ್ನೂದ ಬಿಟ್ಟೀನ್ರಿ, ಆದ್ರೂ ಬೀಳ್ತಾಳ್ರಿ!"

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅದೇನೆಂದು ನನಗೆ ಹೊಳೆಯಿತು. ಅಪ್ಪ ನನ್ನ ಮುಖ ನೋಡಿದ. ಡಾಕ್ಟರ್‌ಬಾಯಿ ಪೆನ್ನು ಕೆಳಗಿಟ್ಟಿದ್ದರು. "ಅರೇ, ಇನ್ನೊಮ್ಮೆ ಹೇಳ ಬಾಳ, ಸಾವಕಾಶ" ಎಂದರು, ಮಗುವನ್ನು ಕರೆಯುವ ಮರಾಠಿ ಮಾತಿನಲ್ಲಿ. ನಾನು ಹೇಳಿದೆ, ಈ ಸಲ ಅಪ್ಪನ ಕಡೆ ನೋಡದೆ. ಅವರು ಎದ್ದು ಶೈಲಾಳ ಹಿಂದೆ ನಿಂತು, ಎರಡೂ ಕೈಯ ಬೆರಳುಗಳನ್ನು ಅವಳ ಕುತ್ತಿಗೆಯ ಮೇಲಿಟ್ಟು, "ಉಗುಳ ನುಂಗ" ಎಂದರು. ಬಹಳ ಹೊತ್ತು ಒತ್ತಿ ನೋಡಿದರು.

"ಇಲ್ಲಿ ಥೈರಾಯ್ಡ್ ಅಂತ ಒಂದ ಗ್ರಂಥಿ ಐತ್ರಿ" ಎಂದು ಅಪ್ಪನಿಗೆ ವಿವರಿಸಿದರು. "ಮೈಯಾಗ ರೋಗದ ಜೋಡಿ ಬಡದಾಡೂ ಕಾವಲುಗಾರರು ಇರ್ತಾರಲ್ರಿ, ಈ ಹುಡುಗ್ಯಾಗ ಅವರು ದಿಕ್ಕ ತಪ್ಪಿ ಮನಿಮಂದೀನ ಹೊಡ್ಯಾಕ ನಿಂತಾರ. ಮೊದಲ ಇನ್ಸುಲಿನ್ ಮಾಡೂ ಜಾಗಾ ಹಾಳ ಮಾಡಿದ್ರು. ಈಗ ಇದರ ಮ್ಯಾಲ ಬಂದಾರ ಅನಸ್ತತಿ. ಇಂಥಾ ಹುಡುಗರೊಳಗ ಹಿಂಗ ಆಗೂದುಂಟು. ಇದು ಮಂದ ಆದ್ರ ಮೈಯೆಲ್ಲಾ ಮಂದ. ಹಳೇ ಲೆಕ್ಕದ ಇನ್ಸುಲಿನ್ನ ಹೆಚ್ಚಾಗಿ ಸಕ್ರಿ ಇಳದ ಹೋಗ್ತತಿ. ರಕ್ತ ಕಳಸೂಣು, ಖಾತ್ರಿ ಆಗ್ತತಿ." ಆಮೇಲೆ ನನ್ನತ್ತ ಕೈ ತೋರಿಸಿ, "ನಿಮ್ಮ ಈ ಹುಡುಗಿ ಹೇಳದಿದ್ರ ನಾನೂ ಇದನ್ನ ಗುರುತಸ್ತಿದ್ದಿಲ್ಲ" ಎಂದರು.

ನಾನು ಏನು ಮಾಡಿದೆ ಗೊತ್ತೇ? "ನಂದೂ ಕುತ್ತಗಿ ನೋಡ್ರಿ" ಎಂದೆ. ಅವರು ನಗದೆ ನೋಡಿದರು. ತಣ್ಣನೆಯ ಬೆರಳು. "ನಿಂದು ಏನೂ ಇಲ್ಲವಾ, ಛಲೋ ಐತಿ" ಎಂದರು. ನಾನು ಗಳಗಳ ಅತ್ತೆ. ಅಕ್ಕನಿಗೆ ತಂಗಿಯ ಮೇಲೆ ಎಂಥ ಜೀವ ಎಂದು ಅಲ್ಲಿದ್ದ ನರ್ಸು ಕಣ್ಣೊರೆಸಿಕೊಂಡಳು.

ಬರುವಾಗ ಬಸ್ಸು ಕಾಗವಾಡದಲ್ಲಿ ನಿಂತಿತ್ತು. ಶೈಲಾ ಕಿಟಕಿಗೆ ತಲೆಯಾನಿಸಿ ಮಲಗಿದ್ದಳು. ಅಪ್ಪ ಮೆಲ್ಲಗೆ ಕೇಳಿದ, "ಎಷ್ಟ ತಿಂದಿದ್ದಿ?"

"ಹನ್ನೊಂದ."

"ಬಾಯಿ ಬಿಟ್ಟ ಕೇಳಿದ್ರ ನಿನಗೂ ತರ್ತಿದ್ದಿಲ್ಲೇನ?"

"ಆಕಿಗೆ ಕೇಳದನ ತರ್ತಿದ್ದಿ."

ಅಪ್ಪ ಹೊಡೆಯುತ್ತಾನೆಂದು ಕಾಯ್ದೆ. ಅವನು ನನ್ನ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಐಗಳಿ ಬರುವವರೆಗೂ ಬಿಡಲಿಲ್ಲ.

ರಕ್ತ ಪರೀಕ್ಷೆಯ ಕಾಗದ ಬಂದಾಗ ಡಾಕ್ಟರ್‌ಬಾಯಿಯ ಮಾತೇ ನಿಜವಾಯಿತು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಸಣ್ಣ ಬಿಳಿ ಗುಳಿಗೆ. ಕೆಲವು ತಿಂಗಳಲ್ಲಿ ಶೈಲಾ ಎಚ್ಚರವಾದಳು. ಸ್ವೆಟರ್ ಪೆಟ್ಟಿಗೆ ಸೇರಿತು. ಇನ್ಸುಲಿನ್ ಲೆಕ್ಕ ಸರಿಹೋಗಿ ಬೀಳುವುದು ನಿಂತಿತು. ವರ್ಷ ಕಳೆಯುವುದರೊಳಗೆ ನನಗಿಂತ ಎರಡು ಬೆರಳು ಎತ್ತರವಾದಳು, ಹಿಂದಿನ ಬೆಂಚಿನಿಂದ ಎದ್ದು ಮೊದಲ ನಂಬರು ಬಂದಳು. ಹಾಗೆ ಹೊಟ್ಟೆಕಿಚ್ಚಿಗೆ ಹೊಸ ಕಾರಣಗಳೂ ಸಿಕ್ಕವು.

ಈಗ ಅವಳು ಚಿಕ್ಕೋಡಿಯಲ್ಲಿ ಹೈಸ್ಕೂಲು ಮಾಸ್ತರಬಾಯಿ. ವರ್ಷಕ್ಕೊಮ್ಮೆ ದೊಡ್ಡ ತಪಾಸಣೆಗೆ ಹೋಗುವ ಮುಂಚೆ ನನ್ನ ಮನೆಗೆ ಬರುತ್ತಾಳೆ. ಮೊನ್ನೆಯೂ ಬಂದಳು. ಬೆರಳಿನ ಪಟ್ಟಿ ನೋಡಿ ಬೈದು, ಎದುರಿಗೆ ಕೂತು, ಚೀಲದಿಂದ ಕಾಗದ ಪೆನ್ನು ತೆಗೆದಳು.

"ಹೂಂ, ಹೇಳ ಅಕ್ಕಾ. ಈ ವರ್ಷ ಡಾಕ್ಟರಿಗೆ ಹೇಳಾಕ ಏನೇನ ಚಾಡಿ ಐತಿ ನನ್ನ ಮ್ಯಾಲ?"

ನಾನು ಕನ್ನಡಕ ಹಾಕಿಕೊಂಡು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಈ ವಯಸ್ಸಿನಲ್ಲೂ ಹೆರಳು ಹಗ್ಗದ ಹಾಗೆ. ಚರ್ಮಕ್ಕೆ ಹೊಳಪು. ನಾನು ಮಂಡಿ ಹಿಡಿದುಕೊಂಡು ಏರುವ ಮೆಟ್ಟಿಲನ್ನು ಅವಳು ಮಾತಾಡುತ್ತಲೇ ಹತ್ತಿ ಬಂದಿದ್ದಳು. ಎಷ್ಟು ಹುಡುಕಿದರೂ ಒಂದು ಚಾಡಿಯೂ ಸಿಗಲಿಲ್ಲ. ಹೊಟ್ಟೆಯೊಳಗೆ ಚುರ್ ಎಂದಿತು. ಆ ಉರಿ ಇಷ್ಟು ಹಿತವಾಗಿ ನನಗೆ ಹಿಂದೆಂದೂ ಆಗಿರಲಿಲ್ಲ.

"ಏನೂ ಇಲ್ಲ ಹೋಗ" ಎಂದೆ. "ನನಗಿಂತ ಛಲೋ ಅದಿ."

ಅವಳು ಅದನ್ನೂ ಕಾಗದದ ಮೇಲೆ ಬರೆದುಕೊಂಡಳು.