ಫ್ರೌಕಾಳ ಕಕ್ಕಸಿನ ಕ್ಯಾಲೆಂಡರು

ಮೂವತ್ತು ವರ್ಷ ಶಾಲೆಯ ನೆಲ ಒರೆಸಿ ನಿವೃತ್ತಳಾದ ಫ್ರೌಕಾ ಡೈಕೆಮಾ ಎರಡು ವಿಷಯದಲ್ಲಿ ಯಾರ ಮಾತಿಗೂ ಬಗ್ಗುವವಳಲ್ಲ: ಒಗೆದ ಬಟ್ಟೆ ಹೊರಗೇ ಒಣಗಬೇಕು, ಯಾರ ಹುಟ್ಟುಹಬ್ಬವನ್ನೂ ಮರೆಯಬಾರದು. ಅವಳ ಬಟ್ಟೆಗೆ ಶತ್ರುವೆಂದರೆ ಬಂದರಿನ ಮೀನುಪುಡಿ ಕಾರ್ಖಾನೆ. ಅದರ ನಾತ ಬಡಿದ ದಿನ ಎಲ್ಲವನ್ನೂ ಮತ್ತೆ ಒಗೆಯಬೇಕು. ಈಗ ಆ ಕಾರ್ಖಾನೆ ಎರಡರಷ್ಟು ದೊಡ್ಡದಾಗಲು ಹೊರಟಿತ್ತು. ಗುರುವಾರ ನಗರಸಭೆಯ ತೀರ್ಮಾನ. ಬೀದಿಯ ಸಂಘದವರು ದೂರು ಕೊಟ್ಟಾಗ ನಗರಸಭೆಯ ಅಧ್ಯಕ್ಷರು, "ಪುರಾವೆ ಎಲ್ಲಿ? ನಿಮ್ಮ ಮೂಗೇ?" ಎಂದು ನಕ್ಕಿದ್ದರು.

ಸಂಘ ಗ್ರೋನಿಂಗನ್ ವಿಶ್ವವಿದ್ಯಾಲಯದ ವಿಜ್ಞಾನದಂಗಡಿಗೆ ಹೋಯಿತು. ಅಲ್ಲಿ ಪ್ರಶ್ನೆ ಕೊಟ್ಟರೆ ವಿದ್ಯಾರ್ಥಿಗಳು ಪುಕ್ಕಟೆ ಸಂಶೋಧನೆ ಮಾಡಿಕೊಡುತ್ತಾರೆ. ಹಾಗೆ ಬಂದ ಹುಡುಗಿ ಹಿಲ್ಕೆ. ಅರವತ್ತು ಮನೆ ಸುತ್ತಿ, ಸೋಮವಾರ ಫ್ರೌಕಾಳ ಅಡುಗೆಮನೆಯಲ್ಲಿ ಮುಖ ಬಾಡಿಸಿಕೊಂಡು ಕೂತಳು.

"ಎಲ್ರೂ 'ಯಾವಾಗ್ಲೂ ನಾರುತ್ತೆ' ಅಂತಾರೆ ಆಂಟಿ. ತಾರೀಖು ಒಬ್ರ ಹತ್ರನೂ ಇಲ್ಲ."

ಕಾಫಿ ಕುಡಿದು ಕಕ್ಕಸಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ.

"ಹೊಟ್ಟೆ ಸರಿ ಇಲ್ವೇನೇ?" ಎಂದು ಫ್ರೌಕಾ ಬಾಗಿಲು ಬಡಿದಳು.

ಹಿಲ್ಕೆ, ಆ ದೇಶದಲ್ಲಿ ಮನೆಮನೆಯ ಕಕ್ಕಸಿನಲ್ಲೂ ತೂಗುವ ಹುಟ್ಟುಹಬ್ಬದ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು, ಎದೆಗವಚಿಕೊಂಡು ಬಂದಳು. "ಹೆಸರುಗಳ ಪಕ್ಕ ಈ ಚುಕ್ಕಿ ಏನಾಂಟಿ?"

"ಬಟ್ಟೆ ಮತ್ತೆ ಒಗೆದ ದಿನ. ಸೋಪು ದಂಡ ಮಾಡ್ತೀಯ ಅಂತ ನಮ್ಮ ಯಜಮಾನ್ರು ಹಾರ್ಮ್ ಬೈತಿದ್ರು. ಅವ್ರಿಗೆ ತೋರ್ಸೋಕೆ ಶುರು ಮಾಡ್ದೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ನಾತದ ವಿಷ್ಯ ಕೇಳ್ದೆ. ಬಟ್ಟೆ ವಿಷ್ಯ ಕೇಳಿದ್ಯಾ?"

ಅಷ್ಟರಲ್ಲಿ ಹಿಲ್ಕೆಯ ಮುಖ ಮತ್ತೆ ಇಳಿಯಿತು. ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಬರೀ ತಿಂಗಳು, ತಾರೀಖು; ವರ್ಷ ವರ್ಷವೂ ಅದೇ ತೂಗುತ್ತದೆ. "ಇದ್ರಲ್ಲಿ ಇಸವಿನೇ ಇಲ್ವಲ್ಲ."

"ಬಣ್ಣ ನೋಡೇ, ಪೆದ್ದಿ. ವರ್ಷಕ್ಕೊಂದು ಪೆನ್ನು. ನೀಲಿ, ಹಾರ್ಮ್ ತೀರ್ಕೊಂಡ ವರ್ಷ. ಹಸಿರು ನನ್ನ ಸೊಂಟದ ಆಪರೇಷನ್ ಆಗಿದ್ದು."

ಆರು ಬಣ್ಣ, ಇನ್ನೂರ ಹನ್ನೆರಡು ಚುಕ್ಕಿ. ಫ್ರೌಕಾ ತಾರೀಖು ಓದಿದಳು, ಹಿಲ್ಕೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಆ ದಿನದ ಗಾಳಿ ಹುಡುಕಿದಳು. ಬಂದರಿನ ಕಡೆಯಿಂದ. ಮತ್ತೆ ಬಂದರಿನ ಕಡೆಯಿಂದ. ಎಪ್ಪತ್ತೊಂದರ ಫ್ರೌಕಾಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ನಿಂತೇ ಓದಿದಳು. ನೂರ ತೊಂಬತ್ತೇಳು ದಿನ ಹೊಂದಿಕೊಂಡವು. ಇಷ್ಟು ಖುಷಿ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಗುರುವಾರ ಅದೇ ಅಧ್ಯಕ್ಷರು ವರದಿ ತಿರುವಿ ಹಾಕಿದರು. "ಮೂಲ ದಾಖಲೆ ಎಲ್ಲಿತ್ತು?"

"ಕಕ್ಕಸಿನಲ್ಲಿ," ಎಂದಳು ಫ್ರೌಕಾ. "ನಿಮ್ಮನೇದೂ ಅಲ್ಲೇ ತಾನೆ ಇರೋದು?"

ಸಭೆಯೆಲ್ಲ ನಕ್ಕಿತು, ಕೊನೆಗೆ ಅವರೂ ನಕ್ಕರು. ನಾತ ತಡೆಯುವ ಯಂತ್ರ ಕೂರಿಸುವ ತನಕ ಕಾರ್ಖಾನೆಗೆ ಅನುಮತಿ ಇಲ್ಲ ಎಂದು ತೀರ್ಮಾನವಾಯಿತು.

ಮನೆಗೆ ಬಂದು ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿದ ಫ್ರೌಕಾ ಪೆನ್ನು ಹಿಡಿದು ಕೂಗಿದಳು. "ಹಿಲ್ಕೆ, ನೀನು ಹುಟ್ಟಿದ್ದು ಯಾವತ್ತೇ?"

"ನವೆಂಬರ್ ಒಂಬತ್ತು."

"ಅವತ್ತು ಮೂರು ವರ್ಷ ನಾತ ಬಡಿದಿದೆ," ಎಂದು ಗೊಣಗಿ, ಚುಕ್ಕಿಗಳ ನಡುವೆ ಜಾಗ ಮಾಡಿಕೊಂಡು ಅವಳ ಹೆಸರು ಬರೆದಳು.