ಹುಟ್ಟದ ಮಾವನ ಬೂಟುಗಳು

ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಸ್ಕೂಲು, ಪರೇಡು, ಇಂಟರ್‌ವ್ಯೂ ಏನೇನೋ ನೆನಪಾಗಬಹುದು. ನನಗೆ ನಮ್ಮ ನಂಜುಂಡ ಮಾವ ನೆನಪಾಗುತ್ತಾನೆ. ಮೊನ್ನೆ ಭಾನುವಾರ ಚಿಕ್ಕಬಳ್ಳಾಪುರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಮಗಳು ಎನ್‌ಸಿಸಿ ಬೂಟು ಉಜ್ಜುತ್ತಿದ್ದಳು. ನಾನೂ ಅಮ್ಮನೂ ಒಳಗೆ ಅವರೆಕಾಯಿ ಸುಲಿಯುತ್ತಿದ್ದೆವು. ವಾಸನೆ ತೇಲಿ ಬಂದದ್ದೇ ತಡ, “ನಂಜುಂಡ ಮಾವ ಬಂದ” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅಮ್ಮ ಕಿಸಕ್ಕನೆ ನಕ್ಕಳು. ಮಗಳು ಬಾಗಿಲಲ್ಲಿ ತಲೆ ತೂರಿಸಿ, “ಯಾರಮ್ಮ ಅದು? ನಾನು ನೋಡೇ ಇಲ್ವಲ್ಲ” ಎಂದಳು.

ನೋಡುವುದು ಹೇಗೆ? ನಾನೂ ನೋಡಿಲ್ಲ. ಅಮ್ಮ ಒಬ್ಬಳೇ ಮಗಳು. ಅವಳಿಗೆ ತಮ್ಮನೆಂಬುವನು ಹುಟ್ಟಿರಲೇ ಇಲ್ಲ. ಹುಟ್ಟದವನು ನಮ್ಮ ಮನೆಯಲ್ಲಿ ಒಂದು ವರ್ಷದ ಹತ್ತಿರ ಸಂಸಾರವಂದಿಗನಂತೆ ಬಾಳಿದ; ಕೊನೆಗೆ ಅವನಿಗೆ ಹೆಣ್ಣು ಕೊಡಲು ಚಿಂತಾಮಣಿಯಿಂದ ಜನ ಬಂದರು. ನೀವು ಪುರುಸೊತ್ತಾಗಿದ್ದರೆ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಾವು ಶಿಡ್ಲಘಟ್ಟದಲ್ಲಿ ಹೊಸ ಬೀದಿಯೊಂದಕ್ಕೆ ಬಾಡಿಗೆಗೆ ಬಂದಿದ್ದೆವು. ರೇಷ್ಮೆಗೂಡು ಬೇಯಿಸುವ ವಾಸನೆಗೆ ಮೊದಲ ವಾರ ಮೂಗು ಮುಚ್ಚಿಕೊಂಡು, ಎರಡನೆಯ ವಾರ ಅದು ಇದೆಯೆಂದೇ ಮರೆಯುವ ಊರು ಅದು. ಪಕ್ಕದ ಮನೆ ಶಮೀಮಕ್ಕನದು. ಅವರ ಹಿತ್ತಲಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಗರಗರ ಎನ್ನುತ್ತಿದ್ದವು. ನಮ್ಮ ಮನೆಯಲ್ಲಿ ಇದ್ದವರು ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ನಾನು. ಅಪ್ಪನಿಗೆ ಗೌರಿಬಿದನೂರಿನಲ್ಲಿ ಗುಮಾಸ್ತೆ ಕೆಲಸ. ಅಲ್ಲೇ ಒಂದು ಕೋಣೆ ಹಿಡಿದಿದ್ದರು. ಶನಿವಾರ ಸಂಜೆ ಬಸ್ಸಿಳಿದು ಬಂದರೆ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಹೊರಡುತ್ತಿದ್ದರು.

ಆ ವರ್ಷ ಕಳ್ಳರ ಸುದ್ದಿ ಎದ್ದಿತು. ಮೈಗೆಲ್ಲ ಎಣ್ಣೆ ಬಳಿದುಕೊಂಡು ಬರುತ್ತಾರಂತೆ, ಹಿಡಿದರೆ ಜಾರಿಹೋಗುತ್ತಾರಂತೆ, ಹೆಂಚು ತೆಗೆದು ಇಳಿಯುತ್ತಾರಂತೆ. ಸುದ್ದಿ ತಂದವರೆಲ್ಲ ಕಳ್ಳರ ಜೊತೆ ಒಂದೇ ಬಸ್ಸಿನಲ್ಲಿ ಬಂದವರ ಹಾಗೆ ಮಾತಾಡುತ್ತಿದ್ದರು. ಹಿಂದಿನ ಬೀದಿಯ ಒಂದು ಮನೆಯಲ್ಲಿ ನಿಜವಾಗಿಯೂ ಹಿತ್ತಾಳೆ ಹಂಡೆ, ಕೊಳಗ ಎಲ್ಲ ಹೋದ ಮೇಲೆ ಅಮ್ಮನ ಮುಖ ಸಣ್ಣದಾಯಿತು. ಮನೆಯಲ್ಲಿ ಮೂರು ಹೆಣ್ಣುಜೀವ, ಅದರಲ್ಲಿ ಒಂದಕ್ಕೆ ಹಲ್ಲಿಲ್ಲ, ಇನ್ನೊಂದಕ್ಕೆ ಹಾಲುಹಲ್ಲು ಬಿದ್ದು ಪೂರ್ತಿ ಬಂದಿಲ್ಲ.

ಅಪ್ಪ ಒಂದು ಭಾನುವಾರ ಪೂರ್ತಿ ಕೋಟೆ ಕಟ್ಟಿದರು. ಹಿತ್ತಲ ಗೋಡೆಯ ಮೇಲೆ ಸೀಸೆ ಒಡೆದು ಗಾಜಿನ ಚೂರು ನೆಟ್ಟರು. ಕಳ್ಳನ ರಕ್ತಕ್ಕೆಂದು ಇಟ್ಟ ಗಾಜಿಗೆ ಬೋಣಿ ಅಪ್ಪನ ಹೆಬ್ಬೆರಳೇ ಆಯಿತು. ಬಾಗಿಲ ಅಗುಳಿಗೆ ದಾರ ಕಟ್ಟಿ ಅದರ ತುದಿಗೆ ಪೂಜೆಯ ಗಂಟೆ ತೂಗಿಬಿಟ್ಟರು. ಗಾಳಿಗೂ ಬೆಕ್ಕಿಗೂ ಅದು ಬಾರಿಸುತ್ತಿತ್ತು. ಬಾರಿಸಿದಾಗಲೆಲ್ಲ ಅಜ್ಜಿ ಮಂಗಳಾರತಿ ಆಯಿತೆಂದು ಮಲಗಿದಲ್ಲೇ ಕೈಮುಗಿಯುತ್ತಿದ್ದಳು. ಅಜ್ಜಿಯ ಪಾಲಿನ ಸಿದ್ಧತೆಯೆಂದರೆ ದಿಂಬಿನ ಕೆಳಗೆ ಕಾರದಪುಡಿಯ ಪೊಟ್ಟಣ. ಅದು ಬಿಚ್ಚಿಕೊಂಡ ದಿನ ಮನೆಮಂದಿಯೆಲ್ಲ ಸೀನಿದ ಸದ್ದಿಗೆ ಶಮೀಮಕ್ಕ ಯಂತ್ರ ನಿಲ್ಲಿಸಿ ಬಂದು ನೋಡಿದರು. ಮುಂದಿನ ವಾರ ಅಪ್ಪ, ಆಫೀಸಿನಲ್ಲಿ ಅಲೀಪುರದ ಗೆಳೆಯರೊಬ್ಬರು ಕೊಟ್ಟರೆಂದು ನಾಯಿಮರಿ ತಂದರು. ಅದು ಬೆಳೆಯಿತು, ಬೆಳೆದು ಶಮೀಮಕ್ಕನ ಮನೆ ಸೇರಿತು. ನಮ್ಮಲ್ಲಿ ಮುದ್ದೆ, ಅವರಲ್ಲಿ ಮೂಳೆ. ನಾಯಿಯನ್ನು ಹೇಗೆ ದೂರುವುದು?

ಆಗ ಅಮ್ಮ ತಾನೇ ಒಂದು ಉಪಾಯ ಹೂಡಿದಳು. ಸಂತೆಯಲ್ಲಿ ಹಳೆಯ ಸಾಮಾನು ಮಾರುವವನ ಹತ್ತಿರ ಒಂದು ಜೊತೆ ಪೊಲೀಸ್ ಬೂಟು ಕೊಂಡು ತಂದಳು. ಎಂಥ ಬೂಟು! ಒಂದೊಂದರಲ್ಲಿ ಒಂದೊಂದು ಕೋಳಿ ಕಾವು ಕೂರಬಹುದಿತ್ತು. ಅದನ್ನು ಬಾಗಿಲ ಪಕ್ಕ ಇಟ್ಟು, ಜೊತೆಗೊಂದು ಲಾಠಿ ಒರಗಿಸಿದಳು. ದೂಳು ಹಿಡಿದ ಬೂಟನ್ನು ಯಾವ ಕಳ್ಳನೂ ನಂಬುವುದಿಲ್ಲವೆಂದು ದಿನಾ ಬೆಳಿಗ್ಗೆ ಪಾಲಿಶ್ ಹಾಕುತ್ತಿದ್ದಳು. ಹಗ್ಗದ ಮೇಲೆ ಖಾಕಿ ಪ್ಯಾಂಟು ಒಣಗತೊಡಗಿತು.

ಶಮೀಮಕ್ಕ ಗೋಡೆಯಾಚೆಯಿಂದ ಕೇಳಿದರು: “ಯಾರ್ ಬಂದವ್ರೆ ಅಕ್ಕಾ ನಿಮ್ಮನೇಗೆ?”

ಅಮ್ಮ ಕ್ಷಣವೂ ತಡವರಿಸಲಿಲ್ಲ. “ನನ್ನ ತಮ್ಮ ನಂಜುಂಡ. ಪೊಲೀಸು. ಇಲ್ಲೇ ಡ್ಯೂಟಿ ಬಿದ್ದಿದೆ, ನೈಟ್ ಡ್ಯೂಟಿ.”

ಒಳಗೆ ಬಂದ ಮೇಲೆ ನಾನು, “ನೈಟ್ ಡ್ಯೂಟಿ ಅಂದ್ರೆ ರಾತ್ರಿ ಮನೇಲಿ ಇರಲ್ಲ ಅಂತ ಅಲ್ವೇನಮ್ಮ?” ಎಂದೆ. ಅಮ್ಮ ನಾಲಿಗೆ ಕಚ್ಚಿಕೊಂಡಳು. ಮರುದಿನವೇ ಮಾವನ ಡ್ಯೂಟಿ ಹಗಲಿಗೆ ಬದಲಾಗಿ ಚಿಕ್ಕಬಳ್ಳಾಪುರಕ್ಕೆ ಹೋಯಿತು. ನಸುಕಿನಲ್ಲೇ ಹೋಗುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಗಿಲಲ್ಲಿ ಬೂಟು ಹಗಲೂ ಇರುತ್ತದಲ್ಲ ಎಂದರೆ, ಕಾಲಿಗೆ ಇನ್ನೊಂದು ಜೊತೆ ಇದೆ. ಇಷ್ಟು ಸಲೀಸಾಗಿ ಟ್ರಾನ್ಸ್‌ಫರ್ ಆದ ಸರ್ಕಾರಿ ನೌಕರ ನಮ್ಮ ಮಾವನೊಬ್ಬನೇ ಇರಬೇಕು.

ಸುಳ್ಳಿಗೆ ಊಟ ಹಾಕತೊಡಗಿದರೆ ಅದು ಮೈ ತುಂಬಿಕೊಳ್ಳುತ್ತದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಬೀದಿಗೆ ಕೇಳುವಂತೆ, “ನಂಜುಂಡಾ, ಕೈಕಾಲು ತೊಳ್ಕೊಳ್ಳಪ್ಪ, ಬಿಸಿ ಮುದ್ದೆ ಐತೆ” ಎಂದು ಕೂಗುತ್ತಿದ್ದಳು. ಗಂಡಸಿನ ಕೆಮ್ಮು, ಗೊರಕೆ ಎರಡನ್ನೂ ಅಜ್ಜಿ ಒದಗಿಸಿದಳು. ಗೊರಕೆಗೆ ಅವಳೇನೂ ಕಷ್ಟಪಡಬೇಕಿರಲಿಲ್ಲ. ಮಾವನಿಗೆ ಬಸ್ಸಾರು ಇಷ್ಟ, ಬದನೆಕಾಯಿ ಆಗದು. ಅವನಿಗೆ ಕೋಪ ಬರುವುದಿಲ್ಲ. ಅಕ್ಕನನ್ನು “ಊಟ ಮಾಡಿದ್ಯಾ?” ಎಂದು ಕೇಳದೆ ತಟ್ಟೆ ಮುಟ್ಟುವುದಿಲ್ಲ. ಇವೆಲ್ಲ ಕಳ್ಳನಿಗೆ ಯಾಕೆ ತಿಳಿಯಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಅಮ್ಮ ಶಮೀಮಕ್ಕನಿಗೆ ಹೇಳುತ್ತಿದ್ದಳು, ನಾನು ನಂಬುತ್ತಿದ್ದೆ. ರಂಜಾನಿಗೆ ಶಮೀಮಕ್ಕ “ನಿಮ್ ತಮ್ಮನಿಗೆ” ಎಂದು ಒಂದು ಡಬರಿ ಶೀರ್ ಖುರ್ಮಾ ಪಾಯಸ ಬೇರೆಯಾಗಿ ಕಳಿಸಿದರು. ಅದನ್ನು ಅಜ್ಜಿ ಸೊಸೆಯ ತಮ್ಮನ ಪರವಾಗಿ ಪೂರೈಸಿದಳು.

ಈ ಏರ್ಪಾಡು ಅಪ್ಪನಿಗೆ ಮೊದಲು ತಿಳಿದ ಸಂಜೆಯನ್ನು ಮರೆಯಲಾರೆ. ಶನಿವಾರ ಬ್ಯಾಗು ಹಿಡಿದು ಬಂದವರು ಬೂಟು ನೋಡಿ ಹೊಸಿಲಾಚೆಯೇ ನಿಂತರು. “ಯಾರ್ರೀ ಒಳಗೆ?” ಎಂದು ತಮ್ಮ ಮನೆಯ ಬಾಗಿಲಲ್ಲೇ ಬಹುವಚನದಲ್ಲಿ ಕೇಳಿದರು. ವಿಷಯ ತಿಳಿದ ಮೇಲೆ ನಕ್ಕರು. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಬೂಟಿನೊಳಗೆ ಕಾಲಿಟ್ಟು ನೋಡಿದರು, ಕಾಲು ಈಜಾಡಿತು. ವಾರ ವಾರ ಬಂದಾಗಲೂ ಅವರ ನಗು ಸ್ವಲ್ಪ ಸ್ವಲ್ಪ ಕಡಿಮೆಯಾಯಿತು. “ಏನಂತಾನೆ ನಿನ್ನ ತಮ್ಮ?” ಎಂದು ಒಂದು ಸಲ ಕೇಳಿದರು. ಅಮ್ಮ ತಟ್ಟೆಗೆ ಸಾರು ಬಿಡುತ್ತಾ, “ಸಾರು ಚೆನ್ನಾಗೈತೆ ಅಂತಾನೆ” ಎಂದಳು. ಅಪ್ಪ ರೇಡಿಯೋದ ಕಿವಿ ಹಿಂಡಿ ಸದ್ದು ಜೋರು ಮಾಡಿದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಚಿಂತಾಮಣಿಯ ನಾರಾಯಣಪ್ಪ ಹೆಂಡತಿಯ ಸಮೇತ ಬಂದಿಳಿದರು. ಶಮೀಮಕ್ಕನ ಮನೆಯಲ್ಲಿ ನೂಲು ಕೊಳ್ಳುವ ವ್ಯಾಪಾರಿ. ಮಗಳಿಗೆ ಗಂಡು ಹುಡುಕುತ್ತಿದ್ದಾರೆಂದು ತಿಳಿದು ಶಮೀಮಕ್ಕನೇ, ಪಕ್ಕದ ಮನೆಯಲ್ಲಿ ಚಿನ್ನದಂಥ ಹುಡುಗನಿದ್ದಾನೆ, ಪೊಲೀಸು, ಅಕ್ಕನೆಂದರೆ ಪ್ರಾಣ ಎಂದು ಹೇಳಿ ಕಳಿಸಿದ್ದರು. ಹೂವು, ಬಾಳೆಹಣ್ಣಿನ ಬುಟ್ಟಿ ಚಾಪೆಯ ಮೇಲೆ ಕೂತವು. ಅಮ್ಮ ತಟ್ಟೆಯಲ್ಲಿ ಲೋಟಗಳನ್ನಿಟ್ಟು ಎಲ್ಲರಿಗೂ ಕಾಫಿ ಕೊಟ್ಟಳು.

“ಹುಡುಗನ್ನ ಕರೀರಮ್ಮ, ನೋಡ್ಕೊಂಡು ಹೋಗ್ತೀವಿ,” ಎಂದರು ನಾರಾಯಣಪ್ಪ.

“ಅವನು… ಡ್ಯೂಟಿಗೆ ಹೋಗವ್ನೆ.”

“ಬೂಟು ಬಾಕ್ಲಲ್ಲೇ ಐತಲ್ಲಮ್ಮ? ಪೊಲೀಸು ಬರಿಗಾಲಲ್ಲಿ ಹೋದ್ನಾ?”

ಅಮ್ಮನಿಗೆ ತಾನೇ ಕಟ್ಟಿ ಹೇಳಿದ್ದ ಎರಡನೇ ಜೊತೆ ಬೂಟು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡರು. ಹೆಂಡತಿಯನ್ನು ಪಾರುಮಾಡಬೇಕೆಂದೇ ಹೊರಟರೆಂದು ನಾನು ಇಂದಿಗೂ ನಂಬುತ್ತೇನೆ.

“ಯಜಮಾನ್ರೇ, ಮನೆ ಮಾತು ಹೊರಗೆ ಹೇಳ್ಬಾರ್ದು. ಆದ್ರೂ ನಿಮ್ಮದು ಹೆಣ್ಣುಮಗಳ ವಿಷ್ಯ. ಅವನು ಕುಡೀತಾನೆ.”

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ತಿಂಗಳುಗಟ್ಟಲೆ ಒಳಗೇ ಕೂಡಿಟ್ಟಿದ್ದು ಒಮ್ಮೆಗೇ ಬಾಗಿಲು ತೆರೆದು ಬಂತು. “ಇಸ್ಪೀಟು ಆಡ್ತಾನೆ. ಸೋಂಬೇರಿ. ಬಿಟ್ಟಿ ಕೂಳು ತಿಂದ್ಕೊಂಡು ಅಕ್ಕನ ಮನೇಲಿ ಬಿದ್ದವ್ನೆ. ಮಾತು ಮಾತ್ರ ಬೆಣ್ಣೆ.”

ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು.

“ಯಾರ್ರೀ ಕುಡಿಯೋದು?”

ಅಪ್ಪ ಕಣ್ಣು ಮಿಟುಕಿಸಿದರು. ಮತ್ತೆ ಮಿಟುಕಿಸಿದರು. ಅಮ್ಮ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ.

“ನನ್ನ ತಮ್ಮ ಒಂದು ತೊಟ್ಟು ಮುಟ್ಟಿದೋನಲ್ಲ! ದಿನಾ ಹೊತ್ತಿಗೆ ಸರಿಯಾಗಿ ಮನೇಗೆ ಬರ್ತಾನೆ. ಬಂದ ತಕ್ಷಣ ಊಟ ಮಾಡಿದ್ಯಾ ಅಕ್ಕ ಅಂತಾನೆ. ನೀವು ಕೇಳಿದ್ದೀರಾ ಒಂದು ದಿನ? ಶನಿವಾರ ಬ್ಯಾಗು ತುಂಬ ಕೊಳೆ ಬಟ್ಟೆ ತರ್ತೀರ, ಭಾನುವಾರ ರೇಡಿಯೋ ಮುಂದೆ ಕೂರ್ತೀರ, ಸೋಮವಾರ ಇಸ್ತ್ರಿ ಬಟ್ಟೆ ತಗೊಂಡು ಹೊರಡ್ತೀರ. ಗೋಡೆ ಮೇಲೆ ಗಾಜು ನೆಟ್ಟುಬಿಟ್ರೆ ಮನೆ ಕಾದಂಗಾಯ್ತಾ?”

“ಹಂಗಾದ್ರೆ ಅವನೇ ಇರ್ಲಿ ಈ ಮನೇಲಿ! ನಾನ್ಯಾಕೆ?”

“ಇರ್ಲಿ! ಅವನಾದ್ರೂ ಇರ್ತಾನಲ್ಲ!”

ಅಮ್ಮ ಅಳುತ್ತಿದ್ದಳು. ಇಲ್ಲದವನೊಬ್ಬನ ಮೇಲೆ ಇಬ್ಬರು ಇರುವವರು ಅಷ್ಟು ನಿಜವಾಗಿ ಜಗಳವಾಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನನಗೂ ಅಳು ಬಂತು. ಅಪ್ಪ ನಿಜಕ್ಕೂ ಹೊರಟುಹೋಗುತ್ತಾರೆ, ಉಳಿಯುವುದು ಬೂಟು ಮಾತ್ರ ಎಂದು ಭಯವಾಯಿತು.

ನಾರಾಯಣಪ್ಪ ಮಾತ್ರ ಹೆಂಡತಿಯ ಮುಖ ನೋಡಿ, ಸಮಾಧಾನವಾಗಿ ಹೇಳಿದರು: “ಪೊಲೀಸು ಅಂದ್ಮೇಲೆ ಒಸಿ ಕುಡಿಯೋದು ಗಿಡಿಯೋದು ಇದ್ದಿದ್ದೇ ಬಿಡಿ. ಅಕ್ಕನ್ನ ಇಷ್ಟು ನೋಡ್ಕೊಳ್ಳೋನು ಹೆಂಡ್ತೀನ ಕೈ ಬಿಡ್ತಾನಾ? ನಮಗೆ ಒಪ್ಪಿಗೆ.”

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿಗೆ ತಾಳ್ಮೆ ಮುಗಿಯಿತು. ಅವಳು ಆಂಧ್ರದ ಗಡಿಯ ಕಡೆಯವಳು. ಸಿಟ್ಟು ಬಂದರೆ ತೆಲುಗೇ ಮೊದಲು ಬರುತ್ತಿತ್ತು. ಕುಟ್ಟಾಣಿ ಕೆಳಗಿಟ್ಟು, “ವಾಡು ಪುಟ್ಟನೇ ಲೇದು!” ಎಂದಳು. ಅವನು ಹುಟ್ಟೇ ಇಲ್ಲ!

ಚಿಂತಾಮಣಿಯವರಿಗೆ ತೆಲುಗು ಅರ್ಥವಾಗದೆ ಇರುತ್ತದೆಯೇ? ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಹೇಳಿದಳು: ಕಳ್ಳರ ಸುದ್ದಿ, ಸಂತೆಯ ಬೂಟು, ಸಂಜೆಯ ಕೂಗು. ಕೊನೆಗೆ ಕೈಮುಗಿದು, “ಯಾರಿಗೂ ಹೇಳ್ಬೇಡಿ, ಮನೇಲಿ ಹೆಂಗಸರೇ ಇರೋದು” ಎಂದಳು. ನಾರಾಯಣಪ್ಪನ ಹೆಂಡತಿ ಬಾಯಿಗೆ ಸೆರಗು ಅದುಮಿಕೊಂಡು ಅಲುಗಾಡುತ್ತಿದ್ದರು. ಅತ್ತರೋ ನಕ್ಕರೋ ತಿಳಿಯಲಿಲ್ಲ. ಆಮೇಲೆ ಅವರೇ ಕೇಳಿದರು, ಗಂಡನನ್ನು ಬೊಟ್ಟುಮಾಡಿ: “ಇವ್ರೂ ವ್ಯಾಪಾರ ಅಂತ ಊರೂರು ತಿರುಗ್ತಾರೆ. ಮನೇಲಿ ನಾನೂ ಮಗಳೂ ಇಬ್ರೇ. ಆ ಬೂಟು ಕೊಡ್ತೀಯೇನಮ್ಮ?”

ಗಂಡು ನೋಡಲು ಬಂದವರು ಗಂಡಿನ ಬೂಟು ಚೀಲಕ್ಕೆ ಹಾಕಿಕೊಂಡು ಹೋದರು. ಬಾಳೆಹಣ್ಣು ನಮಗೇ ಉಳಿಯಿತು. ಶಮೀಮಕ್ಕ ಒಂದು ವಾರ ಮಾತು ಬಿಟ್ಟರು. ಮಾತಾಡಿದ ದಿನ ಮೊದಲು ಕೇಳಿದ್ದು, “ನನ್ನ ಶೀರ್ ಖುರ್ಮಾ ಯಾರ್ ತಿಂದ್ರು ಹೇಳಿ.”

ಅಪ್ಪ ಆ ಸೋಮವಾರ ತಾವೇ ಬ್ಯಾಗು ತುಂಬಿಕೊಂಡು ಹೋದರು. ಅಮ್ಮ ಬಾಗಿಲಿಗೆ ಬರಲಿಲ್ಲ. ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಪ್ಪ, ಎರಡು ಬಸ್ಸಿನ ದೂಳು ಹೊತ್ತು ನಿಂತಿದ್ದರು. ಅವರು ವಾರದ ನಡುವೆ ಬಂದದ್ದು ಅದೇ ಮೊದಲು. ಬೆಳಗಾಗುವ ಮುಂಚೆ ಮತ್ತೆ ಹೊರಡಬೇಕಿತ್ತು. ಊಟಕ್ಕೆ ಕೂತು, ತುತ್ತು ಬಾಯಿಗಿಡುವ ಮೊದಲೇ, ಕಡತ ಓದುವ ದನಿಯಲ್ಲಿ “ಸಾರು ಚೆನ್ನಾಗಿದೆ” ಎಂದರು. ಅಮ್ಮ, “ಇನ್ನೂ ಹಾಕೇ ಇಲ್ಲ” ಎಂದಳು. ಆಮೇಲೆ ಪ್ರತಿ ಬುಧವಾರ ಬರತೊಡಗಿದರು. ತೊಂಬತ್ತರ ಆರಂಭದಲ್ಲಿ ಶಿಡ್ಲಘಟ್ಟಕ್ಕೇ ವರ್ಗ ಮಾಡಿಸಿಕೊಂಡರು. ಕಳ್ಳರು ನಮ್ಮ ಮನೆಗೆ ಕೊನೆಗೂ ಬರಲಿಲ್ಲ.

ಮೊನ್ನೆ ಭಾನುವಾರ ಊಟದ ಹೊತ್ತಿಗೆ ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅಪ್ಪನೂ ಅಮ್ಮನೂ ಈಗ ನಮ್ಮ ಜೊತೆಗೇ ಇದ್ದಾರೆ. ಇಬ್ಬರೂ ಎದುರಿಗೇ ಕೂತಿದ್ದರು. ಮಗಳು ನಕ್ಕು ನಕ್ಕು ಕೆಮ್ಮಿದಳು. “ತಾತ, ನಿಮಗೆ ಇಲ್ಲದೇ ಇರೋನ ಮೇಲೆ ಅಷ್ಟು ಹೊಟ್ಟೆಕಿಚ್ಚಾ?” ಎಂದಳು.

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟರು. “ಹೊಟ್ಟೆಕಿಚ್ಚು ಇತ್ತು. ಇಲ್ಲ ಅನ್ನಲ್ಲ,” ಎಂದರು. “ಆದ್ರೆ ಇನ್ನೊಂದೂ ಇತ್ತು ಕಣಮ್ಮ. ಗೌರಿಬಿದನೂರಲ್ಲಿ ನನಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಅಲ್ಲಿ ಏನಾಯ್ತೋ, ಯಾರು ನುಗ್ಗಿದ್ರೋ ಅಂತ. ಇವಳು ಆ ಬೂಟು ತಂದಿಟ್ಟ ಮೇಲೆ ನಾನೂ ಆಫೀಸಲ್ಲಿ ಹೇಳೋಕೆ ಶುರುಮಾಡ್ದೆ, ಮನೇಲಿ ಭಾವಮೈದ ಅವ್ನೆ, ಪೊಲೀಸು, ಭಯ ಇಲ್ಲ ಅಂತ. ಹೇಳಿ ಹೇಳಿ ನನಗೂ ಅವನು ಇದ್ದಂಗೇ ಆಗೋಯ್ತು. ಆ ಕೋಣೇಲಿ ಒಬ್ನೇ ಮಲಗಿದ್ರೂ ನಿದ್ದೆ ಹತ್ತೋದು.”

ಇಷ್ಟು ವರ್ಷ ಹೆದರಿದವರು ನಾವು ಹೆಂಗಸರು ಮಾತ್ರವೆಂದು ನಾನು ತಿಳಿದಿದ್ದೆ. ಗೋಡೆಗೆ ಗಾಜು ನೆಟ್ಟು ಬಸ್ಸು ಹತ್ತಿದ ಮನುಷ್ಯನ ರಾತ್ರಿಗಳನ್ನು ಯೋಚಿಸಿಯೇ ಇರಲಿಲ್ಲ. ಮಗಳೂ ನಗು ನಿಲ್ಲಿಸಿದ್ದಳು. ಅಮ್ಮ ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

“ಆಗ್ಲೇ ಹೇಳೋಕೇನಾಗಿತ್ತು ನಿಮಗೆ?” ಎಂದಳು. “ಹೇಳಿದ್ರೆ ವಾರಕ್ಕೆರಡು ದಿನ ಅವನನ್ನ ನಿಮ್ಮ ಜೊತೆಗೇ ಕಳಿಸ್ತಿದ್ದೆ.”